ಕಟಿಂಗ್, ಜೆಲ್, ಹೆಲ್ಮೆಟ್: ಗಂಡಸರ ಕೂದಲ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಗೆಳೆಯ ತುಮಕೂರಿನಲ್ಲಿ ಸಲೂನು ನಡೆಸುತ್ತಾನೆ. ಅಲ್ಲಿನ ಬೆಂಚಿನ ಮೇಲೆ ಪೇಪರ್ ಓದುವ ನೆಪದಲ್ಲಿ ಕೂತು ಹತ್ತು ಹದಿನೈದು ವರ್ಷ ಕೇಳಿಸಿಕೊಂಡ ಪ್ರಶ್ನೆಗಳಿವು. ಅವನು ಒಂದು ಮಾತು ಹೇಳುತ್ತಿರುತ್ತಾನೆ: ಮೊದಲು ತಲೆ ನೋಡು, ಆಮೇಲೆ ಕಟಿಂಗ್, ಕೊನೆಗೆ ಜೆಲ್ಲೋ ವ್ಯಾಕ್ಸೋ ಇರುವ ಡಬ್ಬಿ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ತಲೆಕೆಳಗು. ಜಾಹೀರಾತು ನೋಡಿ ಡಬ್ಬಿ ತಂದಿರುತ್ತಾರೆ, ಅದಕ್ಕೆ ಹೊಂದುವ ಕಟಿಂಗ್ ಆಮೇಲೆ ಹುಡುಕುತ್ತಾರೆ.

ಕುರ್ಚಿಯಲ್ಲಿ ಕೂತ ಮೇಲೆ ಏನಂತ ಹೇಳಬೇಕು? ನಾನು ಪ್ರತಿ ಸಲ "ಮೀಡಿಯಂ" ಅಂತೀನಿ, ಪ್ರತಿ ಸಲ ಬೇರೆ ಥರ ಆಗುತ್ತೆ.

"ಮೀಡಿಯಂ" ಅನ್ನುವುದು ಅಳತೆಯೇ ಅಲ್ಲ. ಹೋಟೆಲಿನಲ್ಲಿ "ಸಕ್ಕರೆ ಕಡಿಮೆ" ಅಂದ ಹಾಗೆ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. "ಸಮ್ಮರ್ ಕಟ್", "ಸ್ವಲ್ಪ ಟ್ರಿಮ್" ಇವುಗಳ ಕಥೆಯೂ ಅಷ್ಟೇ. ಮೂರು ವಿಷಯ ಹೇಳಿ ಸಾಕು. ಪಕ್ಕದಲ್ಲಿ ಯಾವ ನಂಬರ್? ಮೇಲೆ ಎಷ್ಟು ಉಳಿಯಬೇಕು? ಹಿಂದೆ ಕುತ್ತಿಗೆಯ ಹತ್ತಿರ ಹೇಗೆ ಮುಗಿಯಬೇಕು?

ನಂಬರ್ ಅಂದರೆ ಮಿಷನ್ನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಚಣಿಗೆಯ ನಂಬರ್. ಒಂದೊಂದು ನಂಬರಿಗೆ ಇಂಚಿನ ಎಂಟನೇ ಒಂದು ಭಾಗ. ಹಾಗಾಗಿ 1 ಅಂದರೆ ಸುಮಾರು 3 ಮಿ.ಮೀ., 2 ಅಂದರೆ 6, 3 ಅಂದರೆ ಹತ್ತಿರ ಹತ್ತಿರ 10, 4 ಅಂದರೆ 13. 8ನೇ ನಂಬರ್ ಸರಿಯಾಗಿ ಒಂದು ಇಂಚು. 1ರಲ್ಲಿ ಕೂದಲ ಕೆಳಗಿನ ಚರ್ಮ ಚೆನ್ನಾಗಿ ಕಾಣುತ್ತದೆ. 3 ಅಥವಾ 4 ಹಾಕಿಸಿದರೆ ಆಫೀಸಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಂದು ಎಚ್ಚರಿಕೆ ಇದೆ. ಕೆಲವು ಟ್ರಿಮ್ಮರ್‌ಗಳ ಮೇಲೆ ನೇರವಾಗಿ ಮಿ.ಮೀ. ಬರೆದಿರುತ್ತದೆ. ಅಲ್ಲಿ 3 ಅಂದರೆ 3 ಮಿ.ಮೀ. ಮಾತ್ರ. ನೀವು 10 ಮಿ.ಮೀ. ಅಂದುಕೊಂಡು ಆರಾಮಾಗಿ ಕಣ್ಣು ಮುಚ್ಚಿರುತ್ತೀರಿ. ಮಿಷನ್ ತಲೆಗೆ ತಾಗುವ ಮೊದಲೇ ಕೇಳಿಬಿಡಿ.

ಮೇಲಿನದಕ್ಕೆ ಬೆರಳಿನ ಲೆಕ್ಕ ಒಳ್ಳೆಯದು. "ಎರಡು ಬೆರಳಗಲ ಉಳಿಯಲಿ" ಅಂದರೆ ಯಾರಿಗೂ ಗೊಂದಲವಿಲ್ಲ. ಇಂಚಿನಲ್ಲಿ ಹೇಳುವುದಾದರೆ "ತೆಗೀರಿ" ಅಥವಾ "ಬಿಡಿ" ಎನ್ನುವುದನ್ನು ಒತ್ತಿ ಹೇಳಿ. ಒಮ್ಮೆ ಬೇರೆ ಊರಿನ ಸಲೂನಿನಲ್ಲಿ ನಾನು ಫೋನ್ ನೋಡುತ್ತಾ "ಒಂದಿಂಚು" ಎಂದಷ್ಟೇ ಹೇಳಿದ್ದೆ. ಆತ ಒಂದಿಂಚು ಉಳಿಸಿದ್ದ. ತಪ್ಪು ನನ್ನದೇ, ಆದರೆ ಮೂರು ತಿಂಗಳು ಟೋಪಿ ಹಾಕಿಕೊಂಡು ಓಡಾಡಿದೆ.

ಹಿಂದಿನದಕ್ಕೆ "ಗೆರೆ ಎಳೀಬೇಡಿ, ಹಾಗೇ ಕರಗಿಸಿ" ಅನ್ನಿ. ಚೌಕಾಕಾರದ ಗೆರೆ ಮೊದಲ ದಿನ ಚೆಂದ. ವಾರ ಕಳೆದರೆ ಗೆರೆಯ ಕೆಳಗೆ ಮುಳ್ಳುಮುಳ್ಳಾಗಿ ಬೆಳೆದು ಅಸಹ್ಯ ಕಾಣುತ್ತದೆ.

ಫೇಡ್, ಟೇಪರ್, ಅಂಡರ್‌ಕಟ್ ಇವೆಲ್ಲ ಒಂದೇನಾ?

ಅಲ್ಲ. ಟೇಪರ್‌ನಲ್ಲಿ ಕಿವಿಯ ಮುಂದಿನ ಸೈಡ್‌ಲಾಕ್ ಮತ್ತು ಕುತ್ತಿಗೆಯ ಹತ್ತಿರ ಮಾತ್ರ ಕೂದಲು ಸಣ್ಣಗಾಗುತ್ತಾ ಹೋಗುತ್ತದೆ. ಫೇಡ್‌ನಲ್ಲಿ ಪಕ್ಕದ ಇಡೀ ಭಾಗವೇ ಮೇಲಿಂದ ಕರಗುತ್ತಾ ಬಂದು ಕೆಳಗೆ ಚರ್ಮ ಕಾಣುತ್ತದೆ. ಆ ಕರಗುವಿಕೆ ಎಷ್ಟು ಮೇಲಿಂದ ಶುರು ಎನ್ನುವುದರ ಮೇಲೆ ಲೋ, ಮಿಡ್, ಹೈ ಎಂಬ ಹೆಸರು. ಅಂಡರ್‌ಕಟ್‌ನಲ್ಲಿ ಕರಗಿಸುವ ಕೆಲಸವೇ ಇಲ್ಲ. ಕೆಳಗೆಲ್ಲ ಒಂದೇ ಸಮ ಸಣ್ಣಗೆ, ಮೇಲಿನ ಉದ್ದ ಕೂದಲು ಅದರ ಮೇಲೆ ಬೀಳುತ್ತದೆ.

ಫೇಡ್ ಮಾಡಿಸುವ ಮೊದಲು ಒಂದು ಲೆಕ್ಕ ಹಾಕಿ. ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂ.ಮೀ. ಬೆಳೆಯುತ್ತದೆ. ಅಂದರೆ ವಾರಕ್ಕೆ ಹತ್ತಿರ ಹತ್ತಿರ 3 ಮಿ.ಮೀ. ಇವತ್ತಿನ 1ನೇ ನಂಬರ್ ಮುಂದಿನ ವಾರ 2ನೇ ನಂಬರ್ ಆಗಿರುತ್ತದೆ. ಮೇಲಿನ ಎರಡಿಂಚು ಕೂದಲಿನಲ್ಲಿ ಆ 3 ಮಿ.ಮೀ. ಗೊತ್ತೇ ಆಗುವುದಿಲ್ಲ, ಆದರೆ ಚರ್ಮ ಕಾಣುವ ಜಾಗದಲ್ಲಿ ಎದ್ದು ಕಾಣುತ್ತದೆ. ಎರಡು ವಾರಕ್ಕೊಮ್ಮೆ ಸಲೂನಿಗೆ ಹೋಗುವ ಪುರುಸೊತ್ತು, ದುಡ್ಡು ಎರಡೂ ಇದ್ದರೆ ಸ್ಕಿನ್ ಫೇಡ್ ಮಾಡಿಸಿ. ಇಲ್ಲದಿದ್ದರೆ ಟೇಪರ್ ವಾಸಿ. ಅದು ನಾಲ್ಕೈದು ವಾರ ಮರ್ಯಾದೆ ಉಳಿಸುತ್ತದೆ.

ಸಿನಿಮಾ ನಟನ ಫೋಟೋ ತೋರಿಸಿದರೆ ತಪ್ಪಾ?

ತಪ್ಪಿಲ್ಲ. ಆದರೆ ಆ ನಟನ ಕೂದಲು ನಿಮ್ಮ ಕೂದಲ ಜಾತಿಯದೇ ಆಗಿರಬೇಕು. ಜೊತೆಗೆ ಶೂಟಿಂಗಿನಲ್ಲಿ ಶಾಟ್ ಮಧ್ಯೆ ಕೂದಲು ತಿದ್ದಲು ಒಬ್ಬರು ನಿಂತಿರುತ್ತಾರೆ, ನಿಮಗೆ ಇರುವುದಿಲ್ಲ. ಅದಕ್ಕಿಂತ ಒಳ್ಳೆಯ ಉಪಾಯ ಹೇಳುತ್ತೇನೆ. ಯಾವತ್ತಾದರೂ ಕಟಿಂಗ್ ಚೆನ್ನಾಗಿ ಆದಾಗ ನಿಮ್ಮದೇ ತಲೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ, ಪಕ್ಕ, ಹಿಂದೆ.

ಮುಖದ ಆಕಾರ ನೋಡಿ ಕಟಿಂಗ್ ಆರಿಸಬೇಕು ಅಂತಾರಲ್ಲ?

ಅರ್ಧ ನಿಜ. ದುಂಡು ಮುಖಕ್ಕೆ ಪಕ್ಕ ಸಣ್ಣಗೆ, ಮೇಲೆ ಎತ್ತರ ಇದ್ದರೆ ಒಪ್ಪುತ್ತದೆ. ಉದ್ದ ಮುಖಕ್ಕೆ ಪಕ್ಕ ತೀರಾ ಬೋಳಿಸಿದರೆ ಮುಖ ಇನ್ನೂ ಉದ್ದ ಕಾಣುತ್ತದೆ. ಇಷ್ಟು ಸಾಕು. ವಜ್ರಾಕಾರ, ಹೃದಯಾಕಾರ ಎಂದು ಕನ್ನಡಿ ಮುಂದೆ ಸ್ಕೇಲ್ ಹಿಡಿದು ನಿಲ್ಲಬೇಡಿ.

ನನಗೆ ಎರಡು ಸುಳಿ ಇವೆ. ಹಿಂದೆ ಕೂದಲು ಎದ್ದು ನಿಲ್ಲುತ್ತೆ. ಏನು ಮಾಡಲಿ?

ಎರಡು ಸುಳಿ ಇದ್ದರೆ ಎರಡು ಮದುವೆ ಅಂತ ಅಜ್ಜಿಯಂದಿರು ಹೇಳುತ್ತಿದ್ದರು, ಅಲ್ವಾ? ನನಗೂ ಎರಡು ಸುಳಿ. ಮದುವೆ ಒಂದೇ ಆಗಿದೆ, ಕೆಟ್ಟ ಕಟಿಂಗ್ ಎಷ್ಟೋ ಆಗಿವೆ.

ಸುಳಿಯ ಹತ್ತಿರ ಕೂದಲು ಬುಡದಿಂದಲೇ ತಿರುಗಿಕೊಂಡು ಹುಟ್ಟುತ್ತದೆ. ಅದನ್ನು ಯಾವ ಜೆಲ್ಲೂ ಬದಲಾಯಿಸುವುದಿಲ್ಲ. ಎರಡು ದಾರಿ ಇವೆ. ಒಂದು, ಮಲಗಿಸುವ ಗೋಜೇ ಬೇಡ ಎಂದು 3ನೇ ನಂಬರ್ ಅಥವಾ ಅದಕ್ಕಿಂತ ಸಣ್ಣಗೆ ತೆಗೆಸುವುದು. ಇನ್ನೊಂದು, ತನ್ನ ತೂಕಕ್ಕೆ ತಾನೇ ಮಲಗುವಷ್ಟು ಉದ್ದ ಬಿಡುವುದು. ಕಷ್ಟ ಇರುವುದು ಇವೆರಡರ ನಡುವಿನ ಉದ್ದದಲ್ಲಿ. ಅಲ್ಲಿ ಕೂದಲಿಗೆ ನಿಲ್ಲುವ ಶಕ್ತಿ ಇರುತ್ತದೆ, ಬಾಗುವ ಭಾರ ಇರುವುದಿಲ್ಲ. ಸುಳಿಯ ಜಾಗದಲ್ಲಿ ಹಲ್ಲಿನ ಕತ್ತರಿ ಹಾಕಿ ತೆಳು ಮಾಡಲು ಬಿಡಬೇಡಿ. ತುಂಡು ಕೂದಲು ಉಳಿದ ಕೂದಲನ್ನೂ ಮೇಲಕ್ಕೆ ತಳ್ಳುತ್ತದೆ. ಹೊಸ ಕಡೆ ಹೋದರೆ ಕೂತ ತಕ್ಷಣ "ಹಿಂದೆ ಎರಡು ಸುಳಿ ಇದೆ ಅಣ್ಣ" ಎಂದು ಹೇಳಿಬಿಡಿ. ತಿಳಿದವರು ಅಲ್ಲಿ ಅರ್ಧ ಇಂಚು ಜಾಸ್ತಿ ಬಿಡುತ್ತಾರೆ.

ಬೈತಲೆ ಯಾವ ಕಡೆ ಎಂಬ ಅನುಮಾನಕ್ಕೂ ಸುಳಿಯೇ ಉತ್ತರ ಕೊಡುತ್ತದೆ. ಒದ್ದೆ ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿ. ಆಮೇಲೆ ನೆತ್ತಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿ. ಬೈತಲೆ ತಾನಾಗಿ ಬಿರಿದುಕೊಳ್ಳುತ್ತದೆ. ಅದರ ವಿರುದ್ಧ ಬಾಚಿದರೆ ದಿನವಿಡೀ ಜಗಳ.

ಗುಂಗುರು ಕೂದಲಿಗೆ ಯಾವ ಕಟ್?

ಪಕ್ಕ ಸಣ್ಣಗೆ, ಮೇಲೆ ಗುಂಗುರು ಹಾಗೇ. ಗುಂಗುರು ಕೂದಲು ಒದ್ದೆಯಿದ್ದಾಗ ಉದ್ದ ಕಾಣುತ್ತದೆ, ಒಣಗಿದರೆ ಮುದುಡುತ್ತದೆ. ನೀರು ಚಿಮುಕಿಸಿ ಕತ್ತರಿಸುವವರಿಗೆ "ಸ್ವಲ್ಪ ಜಾಸ್ತಿ ಬಿಡಿ" ಎಂದು ಮೊದಲೇ ಹೇಳಿ. ಒಣ ಕೂದಲಿಗೆ ಬಾಚಣಿಗೆ ಹಾಕಿದರೆ ಗುಂಗುರು ಒಡೆದು ಹತ್ತಿಯ ಉಂಡೆಯಾಗುತ್ತದೆ. ಸ್ನಾನ ಮಾಡುವಾಗ ಕಂಡಿಷನರ್ ಹಚ್ಚಿ ಬೆರಳಲ್ಲೇ ಬಿಡಿಸಿ. ಒದ್ದೆಯಿರುವಾಗಲೇ ಸ್ವಲ್ಪ ಕ್ರೀಮ್ ಅಥವಾ ತೆಳು ಜೆಲ್ ಹಚ್ಚಿ, ಟವೆಲ್ಲಿನಿಂದ ಉಜ್ಜದೆ ಹಾಗೇ ಒಣಗಲು ಬಿಡಿ.

ಜೆಲ್, ವ್ಯಾಕ್ಸ್, ಕ್ಲೇ, ಪೊಮೇಡ್: ಅಂಗಡಿಯಲ್ಲಿ ನಿಂತರೆ ತಲೆ ಕೆಡುತ್ತೆ. ಯಾವುದು ತಗೋಬೇಕು?

ಡಬ್ಬಿಯ ಮೇಲೆ ಏನೇನೋ ಬರೆದಿರುತ್ತದೆ. ಎರಡೇ ಪದ ನೋಡಿ: ಹೋಲ್ಡ್ ಎಷ್ಟು, ಹೊಳಪು ಇದೆಯಾ ಇಲ್ಲವಾ.

ಜೆಲ್ ಅಂದರೆ ನೀರು ಮತ್ತು ಪಾಲಿಮರ್. ನೀರು ಆರಿದ ಮೇಲೆ ಪಾಲಿಮರ್ ಕೂದಲ ಸುತ್ತ ಗಟ್ಟಿ ಪದರವಾಗಿ ನಿಲ್ಲುತ್ತದೆ. ಹೊಳಪು ಜಾಸ್ತಿ, ಹಿಡಿತ ಜಾಸ್ತಿ. ಆದರೆ ಆರಿದ ಮೇಲೆ ಬಾಚಿದರೆ ಆ ಪದರ ಒಡೆದು ಬಿಳಿ ಪುಡಿ ಉದುರುತ್ತದೆ. ಅದನ್ನು ಹೊಟ್ಟು ಅಂದುಕೊಂಡು ಶಾಂಪೂ ಬದಲಾಯಿಸಿದವರನ್ನು ನಾನೇ ನೋಡಿದ್ದೇನೆ. ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲೇ ತೇವ ಇರುತ್ತದೆ. ಅಲ್ಲಿ ಎಷ್ಟೋ ಜೆಲ್‌ಗಳು ತೇವ ಹೀರಿ ಮಧ್ಯಾಹ್ನದ ಹೊತ್ತಿಗೆ ಅಂಟಂಟಾಗುತ್ತವೆ.

ವ್ಯಾಕ್ಸ್ ಆರಿ ಗಟ್ಟಿಯಾಗುವುದಿಲ್ಲ. ಸಂಜೆ ಕೂಡ ಬೆರಳಲ್ಲಿ ತಿದ್ದಬಹುದು. ಜಿಡ್ಡು ಜಾಸ್ತಿ, ತೊಳೆಯಲು ಎರಡು ಸಲ ಶಾಂಪೂ ಬೇಕಾಗಬಹುದು. ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಕ್ಲೇ ಎಂದರೆ ಹೆಸರೇ ಹೇಳುವಂತೆ ಜೇಡಿಮಣ್ಣು. ಬೆಂಟೊನೈಟ್ ಅಥವಾ ಕೇವೊಲಿನ್ ಸೇರಿಸಿರುತ್ತಾರೆ. ಮಣ್ಣು ಜಿಡ್ಡನ್ನು ಹೀರುವುದರಿಂದ ಹೊಳಪಿಲ್ಲ, ಕೂದಲು ದಪ್ಪ ಕಾಣುತ್ತದೆ. ನೆಟ್ಟಗಿರುವ, ತೆಳು ಕೂದಲಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಒಂದೇ ಡಬ್ಬಿ ಕೊಳ್ಳುವುದಾದರೆ ಯಾವುದು ಎಂದು ಕೇಳಿದರೆ ನನ್ನ ಉತ್ತರ ಮ್ಯಾಟ್ ಕ್ಲೇ.

ಪೊಮೇಡ್ ಬೈತಲೆ ತೆಗೆದು ನುಣ್ಣಗೆ ಬಾಚುವವರಿಗೆ. ಹಳೇ ಕಾಲದ್ದು ವ್ಯಾಸಲೀನ್ ಥರದ ಜಿಡ್ಡಿನಿಂದ ಮಾಡಿದ್ದು, ದಿಂಬಿಗೂ ಹತ್ತುತ್ತದೆ. "ವಾಟರ್ ಬೇಸ್ಡ್" ಅಂತ ಬರೆದದ್ದು ತಗೊಳ್ಳಿ, ನೀರಿಗೆ ಹೋಗುತ್ತದೆ.

ಇವೆಲ್ಲ ಬರುವ ಮುಂಚೆ ನಮ್ಮ ಅಪ್ಪಂದಿರ ಕಪಾಟಿನಲ್ಲಿ ಬ್ರಿಲ್‌ಕ್ರೀಮ್ ಇರುತ್ತಿತ್ತು. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ್ದು. ನೀರು, ಮಿನರಲ್ ಎಣ್ಣೆ, ಜೇನುಮೇಣ ಕಡೆದು ಮಾಡಿದ ಕ್ರೀಮ್. ಹಿಡಿತ ಕಡಿಮೆ, ಹೊಳಪು ಇದೆ. ಒರಟು ಕೂದಲಿನವರಿಗೆ ಈಗಲೂ ನಡೆಯುತ್ತದೆ. ಇನ್ನು ಸೀರಮ್ ಕೂದಲನ್ನು ನಿಲ್ಲಿಸುವುದಿಲ್ಲ, ಸಿಕ್ಕು ಬಿಡಿಸಿ ನುಣುಪು ಮಾಡುತ್ತದೆ ಅಷ್ಟೇ. ಹೇರ್ ಪೌಡರ್ ತೆಳು ಕೂದಲನ್ನು ಉಬ್ಬಿಸುತ್ತದೆ, ಮುಟ್ಟಿದರೆ ಮಾತ್ರ ಒರಟು.

ಎಷ್ಟು ಹಚ್ಚಬೇಕು?

ಸಣ್ಣ ಕೂದಲಿಗೆ ತೊಗರಿಬೇಳೆಯಷ್ಟು, ಮೂರಿಂಚು ದಾಟಿದ್ದರೆ ಅವರೆಕಾಳಿನಷ್ಟು. ಅಂಗೈಯಲ್ಲಿ ಕಾಣದಂತಾಗುವವರೆಗೆ ಉಜ್ಜಿ. ಮೊದಲು ಹಿಂದೆ ಹಚ್ಚಿ, ಆಮೇಲೆ ಮೇಲೆ, ಕೊನೆಗೆ ಕೈಯಲ್ಲಿ ಉಳಿದದ್ದು ಮುಂದೆ. ಮುಂದಿನಿಂದ ಶುರು ಮಾಡಿದರೆ ಅಷ್ಟೂ ಹಣೆಯ ಮೇಲಿನ ಕೂದಲಿಗೇ ಮೆತ್ತಿಕೊಳ್ಳುತ್ತದೆ. ಕ್ಲೇ ಒಣ ಕೂದಲಿಗೆ, ಜೆಲ್ ತೇವದ ಕೂದಲಿಗೆ.

ಕೊಬ್ಬರಿ ಎಣ್ಣೆ ಇರುವಾಗ ಇದೆಲ್ಲ ಯಾಕೆ?

ಎರಡರ ಕೆಲಸ ಬೇರೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. ಮಿನರಲ್ ಎಣ್ಣೆಗೆ ಈ ಗುಣವಿಲ್ಲ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಕೊಳ್ಳಿ, ಅಮ್ಮ ಹೇಳಿದ್ದು ಸರಿಯೇ. ಆದರೆ ಕೂದಲು ನಿಲ್ಲಿಸುವ ಶಕ್ತಿ ಎಣ್ಣೆಗಿಲ್ಲ. 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ಎಂದು ಡಿಸೆಂಬರಿನ ಬೆಂಗಳೂರಿನಲ್ಲಿ ಅದನ್ನೇ ವ್ಯಾಕ್ಸ್ ಮಾಡಿಕೊಂಡಿದ್ದ ಒಬ್ಬ ರೂಮ್‌ಮೇಟ್ ನನಗಿದ್ದ. ಬಸ್ ಹತ್ತುವವರೆಗೆ ಚೆನ್ನಾಗಿರುತ್ತಿತ್ತು.

ಹೊಟ್ಟು ಇರುವವರು ಎಣ್ಣೆ ಹಾಕಿಕೊಂಡೇ ಮಲಗಬೇಡಿ. ಹೊಟ್ಟಿಗೆ ಕಾರಣವಾಗುವ ಮ್ಯಾಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಊಟ. ಆ ಶಿಲೀಂಧ್ರವನ್ನು ತಡೆಯುವ ಕೀಟೊಕೊನಜೋಲ್ ಇರುವ ಶಾಂಪೂ ವಾರಕ್ಕೆ ಎರಡು ಸಲ, ಹಚ್ಚಿದ ತಕ್ಷಣ ತೊಳೆಯದೆ ನಾಲ್ಕೈದು ನಿಮಿಷ ಬಿಟ್ಟು ತೊಳೆಯಿರಿ. ತಿಂಗಳಾದರೂ ಹೋಗದಿದ್ದರೆ ಚರ್ಮದ ಡಾಕ್ಟರ್ ನೋಡಲಿ.

ಹೆಲ್ಮೆಟ್ ಹಾಕಿ ಆಫೀಸಿಗೆ ಹೋಗೋ ಹೊತ್ತಿಗೆ ಎಲ್ಲಾ ಚಪ್ಪಟೆ. ಪರಿಹಾರ ಇದೆಯಾ?

ಮನೆಯಲ್ಲಿ ಏನೂ ಹಚ್ಚಬೇಡಿ, ಅದೇ ಪರಿಹಾರ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬೆವರು ಬಂದ ಮೇಲೆ ಯಾವ ದುಬಾರಿ ವ್ಯಾಕ್ಸೂ ಉಳಿಯುವುದಿಲ್ಲ, ಹೆಲ್ಮೆಟ್ಟಿನ ಒಳಗಿನ ಸ್ಪಂಜಿಗೆ ಹತ್ತಿ ನಾರುತ್ತದೆ. ಕೂದಲು ಪೂರ್ತಿ ಒಣಗಿಸಿ, ತೆಳು ಹತ್ತಿ ಬಟ್ಟೆ ಕಟ್ಟಿ, ಮೇಲೆ ಹೆಲ್ಮೆಟ್ ಹಾಕಿ. ಆಫೀಸಿಗೆ ಹೋಗಿ ಕೈ ಒದ್ದೆ ಮಾಡಿಕೊಂಡು ಬುಡದವರೆಗೆ ಬೆರಳಾಡಿಸಿ. ಎರಡು ನಿಮಿಷ ಬಿಟ್ಟು ತೊಗರಿಬೇಳೆಯಷ್ಟು ಕ್ಲೇ. ದಿನಾ ಗಾಡಿ ಓಡಿಸುವವರಿಗೆ ಮುಂದಕ್ಕೆ ಬೀಳುವ ಸಣ್ಣ ಕ್ರಾಪೇ ಸರಿ. ಎತ್ತರಕ್ಕೆ ನಿಲ್ಲಿಸುವ ಸ್ಟೈಲ್ ಬಸ್ಸು, ಮೆಟ್ರೋದವರಿಗೆ ಬಿಟ್ಟುಬಿಡಿ.

ಹೆಲ್ಮೆಟ್ಟಿನಿಂದ ಬೊಕ್ಕತಲೆ ಆಗುವುದಿಲ್ಲ. ಆ ನೆಪ ಹೇಳಿ ಹೆಲ್ಮೆಟ್ ಬಿಡಬೇಡಿ.

ಬೋರ್‌ವೆಲ್ ನೀರಿಂದ ಕೂದಲು ಉದುರುತ್ತಾ?

ಬುಡದಿಂದ ಉದುರುವುದಕ್ಕೆ ಕಾರಣ ಬೇರೆ ಇರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಒರಟು ಮಾಡುತ್ತವೆ. ಹಾಗಾಗಿ ತುದಿ ತುಂಡಾಗುತ್ತದೆ, ಕ್ಲೇ ಹಾಕಿದರೂ ಪೊರಕೆಯ ಹಾಗೆ ನಿಲ್ಲುತ್ತದೆ. ಮೈಸೋಪಿನಲ್ಲೇ ತಲೆ ತೊಳೆಯುವವರಿಗೆ ತೊಂದರೆ ಇನ್ನೂ ಜಾಸ್ತಿ. ಸೋಪು ಗಡಸು ನೀರಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಕೂದಲಿಗೆ ಅಂಟುತ್ತದೆ, ಶಾಂಪೂ ಹಾಗೆ ಮಾಡುವುದಿಲ್ಲ. ಕೊನೆಯ ಒಂದು ಚೊಂಬು ಮಾತ್ರ ಕಾವೇರಿ ನೀರೋ ಮಳೆ ನೀರೋ ಹಾಕಿಕೊಂಡು ನೋಡಿ, ಕೈಗೇ ವ್ಯತ್ಯಾಸ ಗೊತ್ತಾಗುತ್ತದೆ.

ಮುಂದೆ ಕೂದಲು ತೆಳ್ಳಗಾಗ್ತಿದೆ. ಮುಚ್ಚಿಕೊಳ್ಳೋದು ಹೇಗೆ?

ಮುಚ್ಚಲು ಹೋಗಬೇಡಿ, ಸಣ್ಣ ಮಾಡಿ. ಪಕ್ಕದಲ್ಲಿ ದಟ್ಟವಾಗಿ ಬಿಟ್ಟಷ್ಟೂ ಮೇಲಿನದು ಖಾಲಿ ಕಾಣುತ್ತದೆ. ಪಕ್ಕ 2, ಮೇಲೆ ಒಂದು ಬೆರಳಗಲ ಮಾಡಿಸಿದರೆ ಅರ್ಧ ಸಮಸ್ಯೆ ಕಣ್ಣಿಗೆ ಬೀಳುವುದಿಲ್ಲ. ಜೆಲ್ ಬೇಡವೇ ಬೇಡ, ಕೂದಲನ್ನು ಗುಂಪು ಗುಂಪು ಮಾಡಿ ನಡುವೆ ಚರ್ಮ ತೋರಿಸುತ್ತದೆ. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಕೂದಲು ಎಳೆದು ಹೊದಿಸುವುದು ಫ್ಯಾನ್ ಹಾಕುವವರೆಗೆ ಮಾತ್ರ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು. ಡೆಂಗಿ, ಟೈಫಾಯ್ಡ್ ಬಂದು ಹೋದ ಎರಡು ಮೂರು ತಿಂಗಳಿಗೆ ಕೈತುಂಬ ಉದುರಬಹುದು, ಅದು ಸಾಮಾನ್ಯವಾಗಿ ಮತ್ತೆ ಬರುತ್ತದೆ. ನಾಣ್ಯದಷ್ಟು ದುಂಡಗೆ ಒಂದೇ ಕಡೆ ಹೋದರೆ ಡಾಕ್ಟರ್ ಹತ್ತಿರ ಹೋಗಿ. ಅಪ್ಪ, ಮಾವಂದಿರ ಹಾಗೆ ಹಣೆಯ ಮೂಲೆಯಿಂದ ಹಿಂದೆ ಸರಿಯುತ್ತಿದ್ದರೆ ಅದು ವಂಶದ ಬೋಳು. ಅದಕ್ಕೆ ಮಿನಾಕ್ಸಿಡಿಲ್ ಇದೆ. ಮೊದಲು ರಕ್ತದೊತ್ತಡದ ಮಾತ್ರೆಯಾಗಿದ್ದ ಔಷಧಿ ಅದು. 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚಲು ಒಪ್ಪಿಗೆ ಸಿಕ್ಕಿತು. ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರಬಹುದು, ಗುಣ ಕಾಣಲು ನಾಲ್ಕಾರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಇದೇ ಬೋಳಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ಡಾಕ್ಟರ್ ಕೇಳದೆ ನುಂಗಬೇಡಿ.

ಜೆಲ್ ಹಾಕಿದ್ದಕ್ಕೇ ಉದುರುತ್ತಿದೆ ಅಂತ ಮನೆಯಲ್ಲಿ ಬೈತಾರೆ.

ಜೆಲ್ ಕೂದಲ ಬುಡಕ್ಕೆ ಹೋಗುವುದಿಲ್ಲ. ತೊಳೆಯದೆ ಮಲಗಿದರೆ ತುರಿಕೆ, ಹಣೆಯಲ್ಲಿ ಮೊಡವೆ ಬರಬಹುದು. ಆ ಮಟ್ಟಿಗೆ ಬೈಗುಳ ಸರಿ.

ಮುಡಿ ಕೊಟ್ಟರೆ ಕೂದಲು ದಪ್ಪ ಬೆಳೆಯುತ್ತೆ, ಹೌದಾ?

ಇಲ್ಲ. ಕೂದಲು ತುದಿಯಲ್ಲಿ ತೆಳುವಾಗಿರುತ್ತದೆ. ಬೋಳಿಸಿದ ಮೇಲೆ ಮೊಂಡಾದ ಬುಡ ಮೇಲೆ ಬರುವುದರಿಂದ ಗಟ್ಟಿ ಅನಿಸುತ್ತದೆ. ಬೇರುಗಳ ಲೆಕ್ಕ ಅಷ್ಟೇ ಇರುತ್ತದೆ. ತಿರುಪತಿಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹರಕೆ ಇದ್ದರೆ ಖಂಡಿತ ಕೊಡಿ, ಭಕ್ತಿಗೆ. ಬಂದ ಮೇಲೆ ಎರಡು ವಾರ ನೆತ್ತಿಯನ್ನು ಬಿಸಿಲಿಗೆ ಒಡ್ಡಬೇಡಿ.

ಬಿಳಿ ಕೂದಲಿಗೆ ಬಣ್ಣ ಹಾಕಬಹುದಾ?

ಹಾಕಬಹುದು, ಆದರೆ ಪ್ಯಾಕೆಟ್ ತಿರುಗಿಸಿ ಓದಿ. ಎಷ್ಟೋ ಕಪ್ಪು ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಆಗಿಬರುವುದಿಲ್ಲ, ಮುಖವೇ ಊದಿಕೊಳ್ಳುತ್ತದೆ. "ಅಮೋನಿಯಾ ಇಲ್ಲ" ಅಂದರೆ ಪಿಪಿಡಿಯೂ ಇಲ್ಲ ಎಂದರ್ಥವಲ್ಲ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಶುದ್ಧ ಮೆಹಂದಿ ಕಿತ್ತಳೆ ಕೆಂಪು ಬಣ್ಣವನ್ನೇ ಕೊಡುತ್ತದೆ. "ಕಪ್ಪು ಮೆಹಂದಿ" ಎಂದು ಮಾರಿದರೆ ಅದರಲ್ಲಿ ಏನೋ ಬೆರೆಸಿದ್ದಾರೆ, ಎಷ್ಟೋ ಸಲ ಅದೂ ಪಿಪಿಡಿಯೇ.

ಸಲೂನಿನಲ್ಲಿ ಯಾವುದಕ್ಕೆ ಎಚ್ಚರ ಇರಬೇಕು?

ಬ್ಲೇಡು ನಿಮ್ಮ ಕಣ್ಣೆದುರೇ ಹೊಸದು ಹಾಕಬೇಕು. ಹೆಪಟೈಟಿಸ್ ಬಿ, ಸಿ ಒಂದೇ ಬ್ಲೇಡಿನಿಂದ ಹರಡಬಹುದು. ಕೇಳಲು ಸಂಕೋಚ ಬೇಡ, ಒಳ್ಳೆಯ ಕೆಲಸಗಾರರು ಬೇಜಾರು ಮಾಡಿಕೊಳ್ಳುವುದಿಲ್ಲ. ತೊಳೆಯದ ಮಿಷನ್, ಟವೆಲ್ಲಿನಿಂದ ಗಜಕರ್ಣವೂ ಅಂಟುತ್ತದೆ. ಇನ್ನೊಂದು, ಕತ್ತು ಹಿಡಿದು "ಲಟಕ್" ಅನ್ನಿಸುವುದು. ಅದರ ಸುಖ ನನಗೂ ಗೊತ್ತು. ಆದರೆ ಕತ್ತನ್ನು ರಭಸದಿಂದ ತಿರುಗಿಸಿದರೆ ಮೆದುಳಿಗೆ ರಕ್ತ ಒಯ್ಯುವ ನಾಳ ಹರಿಯುವ ಅಪಾಯವಿದೆ. ಅಪರೂಪವೇ, ಆದರೂ ಹಾಗೇನಾದರೂ ಆದರೆ ಲಕ್ವಾ. ತಲೆ ಮಸಾಜ್ ಸಾಕು.

ಕಟಿಂಗ್ ಮಾಡುವವರನ್ನು ಏನಂತ ಕರೆಯಬೇಕು?

ಹೆಸರು ಗೊತ್ತಿದ್ದರೆ ಹೆಸರು, ಇಲ್ಲದಿದ್ದರೆ ಅಣ್ಣ. ಕಸುಬಿನ ಹೆಸರನ್ನು ಬೈಗುಳ ಮಾಡಿಕೊಂಡಿರುವ ಚಾಳಿ ನಮ್ಮಲ್ಲಿದೆ. ಅದರಿಂದ ಸವಿತಾ ಸಮಾಜದವರಿಗೆ ನೋವಾಗುತ್ತದೆ. 12ನೇ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಶರಣ ಹಡಪದ ಅಪ್ಪಣ್ಣನವರನ್ನು ಇದೇ ಕಸುಬಿನ ಹಡಪದ ಸಮುದಾಯ ತಮ್ಮ ಹಿರಿಯರೆಂದು ನೆನೆಯುತ್ತದೆ.

ಯಾವ ದಿನ ಹೋದರೆ ಒಳ್ಳೆಯದು?

ಮಂಗಳವಾರ ನಮ್ಮ ಕಡೆ ಹೆಚ್ಚಿನ ಅಂಗಡಿಗಳಿಗೆ ರಜಾ. ಭಾನುವಾರ ಜಾತ್ರೆ, ಅವಸರದ ಕೈ. ನನ್ನ ಗೆಳೆಯನ ಕೈ ಚೆನ್ನಾಗಿ ನಡೆಯುವುದು ಬುಧವಾರ ಬೆಳಿಗ್ಗೆ.

ಮುಂದಿನ ತಿಂಗಳು ನನ್ನ ಮದುವೆ. ಯಾವಾಗ ಕಟಿಂಗ್ ಮಾಡಿಸಲಿ?

ಹೊಸ ಸ್ಟೈಲ್ ಪ್ರಯೋಗ ಮಾಡುವುದಾದರೆ ಇವತ್ತೇ ಮಾಡಿ. ಕೆಟ್ಟರೂ ಬೆಳೆಯಲು ಟೈಮ್ ಇದೆ. ಕೊನೆಯ ಕಟಿಂಗ್ ಮುಹೂರ್ತಕ್ಕೆ ಐದಾರು ದಿನ ಮುಂಚೆ, ಹಿಂದಿನ ದಿನ ಗಡ್ಡ ಮತ್ತು ಕುತ್ತಿಗೆ ಮಾತ್ರ. ಡೈ, ಫೇಶಿಯಲ್ ಏನಿದ್ದರೂ ಆ ವಾರ ಮೊದಲ ಸಲ ಮಾಡಿಸಬೇಡಿ. ಹೇಗೂ ಧಾರೆಯ ಹೊತ್ತಿಗೆ ತಲೆ ಮೇಲೆ ಮೈಸೂರು ಪೇಟ, ಅಕ್ಷತೆ. ಕೂದಲು ಕಾಣುವುದು ಸಂಜೆ ರಿಸೆಪ್ಷನ್ನಿಗೆ. ಪೇಟ ತೆಗೆದ ಮೇಲೆ ಸುತ್ತ ಗೆರೆ ಬಿದ್ದಿರುತ್ತದೆ. ತಲೆಗೆ ನೀರು ಹಾಕಿಕೊಳ್ಳದೆ ಹೋಗುವುದಿಲ್ಲ, ಅದಕ್ಕೆ ಅರ್ಧ ಗಂಟೆ ಎತ್ತಿಟ್ಟುಕೊಳ್ಳಿ. ಅಕ್ಕಿಕಾಳು ಉಳಿದಿದೆಯಾ ಅಂತ ನೋಡಲು ಒಬ್ಬ ಗೆಳೆಯನಿಗೂ, ಬಾಚಣಿಗೆ ಇಟ್ಟುಕೊಳ್ಳಲು ಅವನ ಜೇಬಿಗೂ ಮೊದಲೇ ಹೇಳಿಟ್ಟಿರಿ.